ಆಲ್ಬುಮಿನ್ ಚಿಕಿತ್ಸೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲಿ ಬಳಕೆ ಮತ್ತು ವೆಚ್ಚ

ದಾನಿಗಳ ರಕ್ತದಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಆಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣವನ್ನು ರೋಗಿಯ ಅಭಿಧಮನಿಗೆ ಹನಿಹನಿಯಾಗಿ ಹರಿಸುವ ಕ್ರಮಕ್ಕೆ ಆಲ್ಬುಮಿನ್ ಚಿಕಿತ್ಸೆ ಎಂದು ಹೆಸರು. ಯಕೃತ್ತಿನ ಸಿರೋಸಿಸ್ ಕಾಯಿಲೆಯ ಕೆಲವು ತೊಡಕುಗಳಲ್ಲಿ ಇದು ಪ್ರಾಣ ಉಳಿಸುವ ಮದ್ದೆಂದು ಸಾಬೀತಾಗಿದೆ; ಆದರೆ ಆಸ್ಪತ್ರೆಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕಾರಣಗಳಿಗೆ ಇದು ಬಳಕೆಯಾಗುತ್ತ ಬಂದಿದ್ದು, ಆ ಕಾರಣಗಳಲ್ಲಿ ಹಲವಕ್ಕೆ ಆಧಾರ ದುರ್ಬಲ, ಕೆಲವಕ್ಕೆ ಆಧಾರವೇ ಇಲ್ಲ. ಒಂದೊಂದು ಬಾಟಲಿಗೂ ಸಾವಿರಗಟ್ಟಲೆ ರೂಪಾಯಿ ಬೀಳುವುದರಿಂದ, ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಂಥ ಕಡೆ, ಸರಕಾರಿ ಆಸ್ಪತ್ರೆ ಹತ್ತಿರದಲ್ಲೇ ಇದ್ದರೂ ಕಾಯಿಲೆ ಬಿಗಡಾಯಿಸಿದಾಗ ಮಂಗಳೂರಿನ ದಾರಿ ಹಿಡಿಯಬೇಕಾದ ಕುಟುಂಬಗಳಿಗೆ, ಈ ಮದ್ದಿನ ಪ್ರಶ್ನೆ ವೈದ್ಯಶಾಸ್ತ್ರದ್ದೂ ಹೌದು, ಮನೆಯ ಖರ್ಚುವೆಚ್ಚದ್ದೂ ಹೌದು.

ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿಹಳದಿ ದ್ರವಕ್ಕೆ ರಕ್ತರಸ ಅಥವಾ ಪ್ಲಾಸ್ಮಾ ಎನ್ನುತ್ತಾರೆ; ಅದರಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿರುವ ಪ್ರೋಟೀನೇ ಆಲ್ಬುಮಿನ್. 585 ಅಮೈನೋ ಆಮ್ಲಗಳ ಒಂದೇ ಸರಪಳಿಯಿಂದಾದ ಇದನ್ನು ತಯಾರಿಸುವುದು ಜನ ಲಿವರ್ ಎಂದು ಕರೆಯುವ ಯಕೃತ್ತು. ಆರೋಗ್ಯವಂತ ವಯಸ್ಕರಲ್ಲಿ ಯಕೃತ್ತು ದಿನಕ್ಕೆ 10ರಿಂದ 15 ಗ್ರಾಂ ಆಲ್ಬುಮಿನ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಮತ್ತು ಹಾಗೆ ಬಿಟ್ಟದ್ದರಲ್ಲಿ ಅರ್ಧದಷ್ಟು ಸವೆಯಲು ಸುಮಾರು ಮೂರು ವಾರ ಹಿಡಿಯುತ್ತದೆ. ರಕ್ತನಾಳಗಳ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಹೃದಯದ ಒತ್ತಡಕ್ಕೆ ನೀರು ಅವುಗಳ ಮೂಲಕ ಹೊರಗೆ ಜಿನುಗುತ್ತಲೇ ಇರುತ್ತದೆ. ಆ ನೀರನ್ನು ನಾಳದೊಳಗೆ ಹಿಡಿದಿಡುವ ಸೆಳೆತಕ್ಕೆ ಆಂಕಾಟಿಕ್ ಒತ್ತಡ ಎಂದು ಹೆಸರು, ಅದರ ಮುಕ್ಕಾಲು ಪಾಲು ಆಲ್ಬುಮಿನ್‌ನಿಂದಲೇ ಬರುತ್ತದೆ. ಬಿಲಿರುಬಿನ್, ಕೊಬ್ಬಿನಾಮ್ಲಗಳು, ಕ್ಯಾಲ್ಸಿಯಂ ಮತ್ತು ಹಲವಾರು ಔಷಧಗಳನ್ನು ಹೊತ್ತು ಸಾಗಿಸುವುದೂ ಇದರ ಕೆಲಸವೇ. ಮೊಟ್ಟೆಯ ಬಿಳಿಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದ ಆಲ್ಬುಮಿನ್ ಎಂಬ ಪದ ಬಂದಿದೆಯಾದರೂ ಮೊಟ್ಟೆಯಲ್ಲಿರುವ ಪ್ರೋಟೀನು ಬೇರೆ, ಮನುಷ್ಯನ ರಕ್ತದಲ್ಲಿರುವುದು ಬೇರೆ.

ರಕ್ತಪರೀಕ್ಷೆಯ ವರದಿಗಳಲ್ಲಿ ಆಲ್ಬುಮಿನ್‌ನ ಸಹಜ ಮಟ್ಟ ಸಾಮಾನ್ಯವಾಗಿ ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಎಂದು ಮುದ್ರಿತವಾಗಿರುತ್ತದೆ. ಆಸ್ಪತ್ರೆಗೆ ದಾಖಲಾದ ವಯಸ್ಕರಲ್ಲಿ ಬಹಳ ಮಂದಿಯ ಮಟ್ಟ ಇದಕ್ಕಿಂತ ಕೆಳಗಿರುತ್ತದೆ, ಮತ್ತು ಈ ಮದ್ದಿನ ಅನಗತ್ಯ ಬಳಕೆ ಹುಟ್ಟುವುದು ಇಲ್ಲಿಂದಲೇ. ಮಟ್ಟ ಇಳಿಯಲು ಕಾರಣಗಳು ಹಲವು: ಯಕೃತ್ತು ಕೆಟ್ಟಿದ್ದರೆ ತಯಾರಿಕೆ ಕುಗ್ಗುತ್ತದೆ, ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಯಲ್ಲಿ ಮೂತ್ರದೊಂದಿಗೆ ಸೋರಿಹೋಗುತ್ತದೆ, ಜ್ವರ, ಕೀವು, ನಂಜು, ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ರಕ್ತನಾಳಗಳ ಗೋಡೆ ಸಡಿಲಗೊಂಡು ಆಲ್ಬುಮಿನ್ ನಾಳದಿಂದ ಹೊರಗೆ, ಅಂಗಾಂಶಗಳಿಗೆ ಹರಿದುಹೋಗುತ್ತದೆ, ಅದೇ ಹೊತ್ತಿಗೆ ಯಕೃತ್ತು ಸೋಂಕಿನೊಡನೆ ಸೆಣಸುವ ಬೇರೆ ಪ್ರೋಟೀನುಗಳ ತಯಾರಿಕೆಗೆ ತಿರುಗಿ ಆಲ್ಬುಮಿನ್ ತಯಾರಿಕೆಯನ್ನು ಕಡಿಮೆ ಮಾಡುತ್ತದೆ, ಇದರ ಮೇಲೆ ಲೀಟರುಗಟ್ಟಲೆ ಸಲೈನ್ ಕೊಟ್ಟಾಗ ಇದ್ದದ್ದೂ ತೆಳುವಾಗುತ್ತದೆ. ಆದ್ದರಿಂದ ತಗ್ಗಿದ ಆಲ್ಬುಮಿನ್ ಬಹುಮಟ್ಟಿಗೆ ಕಾಯಿಲೆಯ ತೀವ್ರತೆಯನ್ನು ಹೇಳುವ ಗುರುತೇ ಹೊರತು ತಾನೇ ಒಂದು ಕಾಯಿಲೆಯಲ್ಲ. ಜ್ವರ ಬಂದವರ ಮೈಯನ್ನು ತಣ್ಣೀರಿನಿಂದ ಒರೆಸಿದರೆ ಥರ್ಮಾಮೀಟರು ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಹಾಗೆಯೇ ಬಾಟಲಿ ಹಾಕಿ ವರದಿಯ ಅಂಕಿಯನ್ನು ಒಂದೆರಡು ದಿನ ಮೇಲೆತ್ತಬಹುದು, ಅದನ್ನು ಕೆಳಗಿಳಿಸಿದ ಕಾರಣ ಅಲ್ಲೇ ಉಳಿದಿರುತ್ತದೆ.

ಆಲ್ಬುಮಿನ್ ಮದ್ದಾಗಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ರಣಭೂಮಿಯಲ್ಲಿ ರಕ್ತ ಕಳೆದುಕೊಂಡ ಸೈನಿಕರಿಗೆ ರಕ್ತಕ್ಕೆ ಬದಲಾಗಿ ಕೊಡಬಹುದಾದ, ಕೆಡದೆ ಉಳಿಯುವ ದ್ರವವೊಂದನ್ನು ಅಮೆರಿಕ ಹುಡುಕುತ್ತಿದ್ದಾಗ ಹಾರ್ವರ್ಡ್ ವಿಶ್ವವಿದ್ಯಾಲಯದ ಎಡ್ವಿನ್ ಕೋನ್, ತಣ್ಣಗಿನ ಮದ್ಯಸಾರದಲ್ಲಿ ರಕ್ತರಸದ ಪ್ರೋಟೀನುಗಳನ್ನು ಒಂದೊಂದಾಗಿ ಬೇರ್ಪಡಿಸುವ ವಿಧಾನವನ್ನು ರೂಪಿಸಿದರು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯಲ್ಲಿ ಸುಟ್ಟಗಾಯಗಳಾದವರಿಗೆ ಇದನ್ನು ಕೊಡಲಾಯಿತು. ಮುಂದಿನ ಐದು ದಶಕಗಳ ಕಾಲ ಆಲ್ಬುಮಿನ್ ಒಳ್ಳೆಯದೆಂಬ ನಂಬಿಕೆ ಹೆಚ್ಚಿನ ಪರೀಕ್ಷೆಯಿಲ್ಲದೆ ನಡೆದುಬಂದು, 1998ರಲ್ಲಿ, ಪ್ರಕಟಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು ತೀವ್ರ ಅಸ್ವಸ್ಥರಿಗೆ ಇದನ್ನು ಕೊಟ್ಟಾಗ ಸಾವು ಕಡಿಮೆಯಾಗುವ ಬದಲು ಹೆಚ್ಚಾಗಬಹುದೆಂದು ಹೇಳಿದಾಗ ಮೊದಲ ಬಾರಿಗೆ ಅಲುಗಾಡಿತು. ಆ ವಿಮರ್ಶೆಯ ಲೆಕ್ಕಾಚಾರ ಮುಂದೆ ವಿವಾದಕ್ಕೆ ಒಳಗಾದರೂ, ದೊಡ್ಡ ಪ್ರಮಾಣದ ಪ್ರಯೋಗಗಳು ನಡೆಯಲು ಅದೇ ಪ್ರೇರಣೆಯಾಯಿತು.

ಭಾರತದ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಶೇ. 20ರ ದ್ರಾವಣ. 100 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 20 ಗ್ರಾಂ ಆಲ್ಬುಮಿನ್ ಇರುತ್ತದೆ. ಸಲೈನಿನಂತೆ ನೀರಾಗಿರದೆ ತುಸು ಮಂದವಾಗಿ, ಹುಲ್ಲುಹಳದಿಯಿಂದ ತೆಳು ಕಂದಿನವರೆಗಿನ ಬಣ್ಣದಲ್ಲಿ ಇರುವ ಈ ದ್ರವವನ್ನು ಕುಲುಕಿದರೆ ನೊರೆ ಬರುತ್ತದೆ, ಆದ್ದರಿಂದ ಕುಲುಕದೆ ತೂಗುಹಾಕುತ್ತಾರೆ. ಮಸುಕಾಗಿದ್ದರೆ ಅಥವಾ ತಳದಲ್ಲಿ ಗಷ್ಟು ಕಂಡರೆ ಬಳಸುವಂತಿಲ್ಲ, ಒಮ್ಮೆ ಮುಚ್ಚಳ ತೂತು ಮಾಡಿದ ಮೇಲೆ ಉಳಿಸಿಡುವಂತೆಯೂ ಇಲ್ಲ. ನಿಮಿಷಕ್ಕೆ ಒಂದೆರಡು ಮಿಲಿಲೀಟರಿನಂತೆ ಹರಿಸಿದರೆ ಬಾಟಲಿ ಮುಗಿಯಲು ಒಂದರಿಂದ ಎರಡು ಗಂಟೆ ಬೇಕು. ತಯಾರಿಕೆಯ ಕೊನೆಯ ಹಂತದಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ಗಂಟೆ ಇರಿಸಿ ವೈರಾಣುಗಳನ್ನು ನಾಶಪಡಿಸುವುದರಿಂದ ಕಾಮಾಲೆ ವೈರಾಣು, ಎಚ್‌ಐವಿ ಮುಂತಾದವು ಇದರಿಂದ ಹರಡುವ ಭಯ ತೀರ ಕಡಿಮೆ. ರಕ್ತಕಣಗಳಾಗಲಿ ಪ್ರತಿಕಾಯಗಳಾಗಲಿ ಇಲ್ಲದ ಕಾರಣ ರಕ್ತದ ಗುಂಪು ನೋಡುವ ಅಗತ್ಯವೂ ಇಲ್ಲ. ಹಾಗಿದ್ದರೂ ಇದು ಮನುಷ್ಯರ ರಕ್ತದಿಂದ ಬಂದ ವಸ್ತುವೇ ಆದ್ದರಿಂದ ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ರೋಗಿಯ ಕೇಸ್ ಶೀಟಿನಲ್ಲಿ ಬರೆದಿಡಬೇಕು.

ಒಂದು ಲೀಟರ್ ರಕ್ತರಸದಿಂದ ಸಿಗುವ ಆಲ್ಬುಮಿನ್ ಸುಮಾರು 25 ಗ್ರಾಂ. ಒಬ್ಬ ದಾನಿ ಒಂದು ಸಲ ಕೊಡುವ ರಕ್ತದಿಂದ ದೊರೆಯುವ ರಕ್ತರಸ ಹೆಚ್ಚೆಂದರೆ ಇನ್ನೂರು ಚಿಲ್ಲರೆ ಮಿಲಿಲೀಟರು. ಅಂದರೆ ವಾರ್ಡಿನ ಸ್ಟ್ಯಾಂಡಿಗೆ ತೂಗುಹಾಕಿದ ಒಂದೇ ಒಂದು ಬಾಟಲಿಯ ಹಿಂದೆ ನಾಲ್ಕೈದು ಮಂದಿ ದಾನಿಗಳು ಚಾಚಿದ ತೋಳುಗಳಿವೆ. ಈ ಮದ್ದು ಏಕೆ ದುಬಾರಿ, ಏಕೆ ಆಗಾಗ ಅಭಾವವಾಗುತ್ತದೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇದರಲ್ಲೇ ಇದೆ.

ಆಲ್ಬುಮಿನ್‌ನ ಉಪಯೋಗ ಅತ್ಯಂತ ಸ್ಪಷ್ಟವಾಗಿರುವುದು ಸಿರೋಸಿಸ್‌ನಲ್ಲಿ. ವರ್ಷಾನುಗಟ್ಟಲೆಯ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನೊಂದಿಗೆ ಬರುವ ಕೊಬ್ಬಿನ ಯಕೃತ್ತು, ಇವುಗಳಿಂದ ಯಕೃತ್ತು ಗಂಟುಗಂಟಾಗಿ ಗಡುಸಾಗುವ ಸ್ಥಿತಿ ಇದು. ಗಡುಸಾದ ಯಕೃತ್ತಿನ ಮೂಲಕ ರಕ್ತ ಸರಾಗವಾಗಿ ಹರಿಯದೆ ಹಿಂದೊತ್ತಿ, ಹೊಟ್ಟೆಯ ಪೊರೆಗಳ ನಡುವೆ ನೀರು ತುಂಬಿಕೊಳ್ಳುತ್ತದೆ. ಇದಕ್ಕೆ ಜಲೋದರ ಎಂದು ಹೆಸರು, ಜನರ ಮಾತಿನಲ್ಲಿ ಹೊಟ್ಟೆಗೆ ನೀರು ತುಂಬುವುದು. ಮೂತ್ರ ಹೆಚ್ಚಿಸುವ ಮಾತ್ರೆಗಳಿಗೆ ಬಗ್ಗದ ಜಲೋದರದಲ್ಲಿ ಸೂಜಿ ಚುಚ್ಚಿ ನೀರು ತೆಗೆಯಬೇಕಾಗುತ್ತದೆ. ಉಬ್ಬಿ ಬಿಗಿದ ಹೊಟ್ಟೆಯಿಂದ ಒಂದೇ ಸಲಕ್ಕೆ ಐದು ಲೀಟರಿಗಿಂತ ಹೆಚ್ಚು ನೀರು ತೆಗೆದಾಗ ರೋಗಿಗೆ ಕೂಡಲೇ ಉಸಿರು ಹಗುರಾಗುತ್ತದೆ, ಆದರೆ ಒಳಗಿನ ರಕ್ತನಾಳಗಳು ಹಿಗ್ಗಿ, ಮೂತ್ರಪಿಂಡಗಳಿಗೆ ಹರಿಯುವ ರಕ್ತ ಇಳಿದು, ಕೆಲವೇ ದಿನಗಳಲ್ಲಿ ಸೋಡಿಯಂ ಕುಸಿಯುವ, ಕಿಡ್ನಿ ಕೆಡುವ ಅಪಾಯವಿರುತ್ತದೆ. ನೀರು ತೆಗೆದಾಗ ಆಲ್ಬುಮಿನ್ ಕೊಟ್ಟರೆ ಈ ತೊಡಕು ಬಹಳಷ್ಟು ತಪ್ಪುತ್ತದೆಂದು 1988ರಲ್ಲಿ ಬಾರ್ಸಿಲೋನಾದ ವೈದ್ಯರು ತೋರಿಸಿಕೊಟ್ಟರು. ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಎಂಬುದು ಇಂದು ಎಲ್ಲೆಡೆ ಒಪ್ಪಿತವಾದ ಪ್ರಮಾಣ. ಎಂಟು ಲೀಟರ್ ತೆಗೆದರೆ ಸುಮಾರು ಮೂರು ಬಾಟಲಿ. ಲೀಟರಿಗೆ 4 ಗ್ರಾಂ ಸಾಕಾಗಬಹುದೆಂದು ಇಟಲಿಯ ಸಣ್ಣ ಅಧ್ಯಯನವೊಂದು ಸೂಚಿಸಿರುವುದು ಹಣದ ಅಡಚಣೆಯಿರುವ ಕಡೆ ಗಮನಿಸತಕ್ಕ ಸಂಗತಿ.

ಇದಕ್ಕಿಂತಲೂ ಗಂಭೀರವಾದದ್ದು ಹೊಟ್ಟೆಯಲ್ಲಿ ನಿಂತ ನೀರಿಗೆ ತಾನಾಗಿ ಸೋಂಕು ತಗಲುವ ಸ್ಥಿತಿ. ನೀರಿನ ಮಾದರಿಯಲ್ಲಿ ಒಂದು ಘನ ಮಿಲಿಮೀಟರಿಗೆ 250ಕ್ಕೆ ಕಡಿಮೆಯಿಲ್ಲದಷ್ಟು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಕಂಡುಬಂದರೆ ಈ ಸೋಂಕು ಇದೆಯೆಂದು ನಿರ್ಧರಿಸುತ್ತಾರೆ. 1999ರಲ್ಲಿ ಸ್ಪೇನಿನಲ್ಲಿ 126 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ಪ್ರತಿಜೈವಿಕ ಔಷಧ ಮಾತ್ರ ಕೊಟ್ಟು, ಇನ್ನೊಂದಕ್ಕೆ ಅದರ ಜೊತೆಗೆ ಮೊದಲ ದಿನ ದೇಹತೂಕದ ಪ್ರತಿ ಕಿಲೋಗೆ 1.5 ಗ್ರಾಂ, ಮೂರನೆಯ ದಿನ 1 ಗ್ರಾಂ ಆಲ್ಬುಮಿನ್ ಕೊಡಲಾಯಿತು. ಆಲ್ಬುಮಿನ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 33 ಮಂದಿಯ ಕಿಡ್ನಿ ಕೆಟ್ಟರೆ ಆಲ್ಬುಮಿನ್ ಪಡೆದವರಲ್ಲಿ ಕೆಟ್ಟದ್ದು ನೂರಕ್ಕೆ 10 ಮಂದಿಯದು. ಆಸ್ಪತ್ರೆಯಲ್ಲಿದ್ದಾಗಲೇ ಸಂಭವಿಸಿದ ಸಾವು ಶೇ. 29ರಿಂದ ಶೇ. 10ಕ್ಕೆ ಇಳಿಯಿತು. ಈ ಮದ್ದು ಇಷ್ಟು ದೊಡ್ಡ ಲಾಭ ತೋರಿದ ಬಳಕೆಗಳು ವಿರಳ. 60 ಕಿಲೋ ತೂಕದ ರೋಗಿಗೆ ಇದು ಒಟ್ಟು 150 ಗ್ರಾಂ, ಅಂದರೆ ಎಂಟು ಬಾಟಲಿ. ಕೊಳ್ಳಬೇಕಾದ ಬಾಟಲಿ ಇದ್ದರೆ ಅದು ಇದು. ಸಿರೋಸಿಸ್‌ನಿಂದಲೇ ಕಿಡ್ನಿ ಸ್ತಬ್ಧವಾಗುವ ಹೆಪಟೋರೀನಲ್ ಸಿಂಡ್ರೋಮ್‌ನಲ್ಲಿಯೂ ಟರ್ಲಿಪ್ರೆಸಿನ್ ಅಥವಾ ನಾರ್‌ಅಡ್ರಿನಲಿನ್ ಎಂಬ ಔಷಧದೊಂದಿಗೆ ಆಲ್ಬುಮಿನ್ ಕೊಡುವುದು ವಾಡಿಕೆ.

ಆದರೆ ಅದೇ ಸಿರೋಸಿಸ್ ರೋಗಿಗಳಲ್ಲಿ ವರದಿಯ ಅಂಕಿಯನ್ನು ಸರಿಪಡಿಸುವುದಕ್ಕಾಗಿಯೇ ಆಲ್ಬುಮಿನ್ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಟ್ಟಾಯರ್ ಪ್ರಯೋಗ ಉತ್ತರ ಕೊಟ್ಟಿತು. ಆಸ್ಪತ್ರೆಗೆ ದಾಖಲಾದ 777 ರೋಗಿಗಳಲ್ಲಿ ಒಂದು ಗುಂಪಿನ ಆಲ್ಬುಮಿನ್ ಮಟ್ಟವನ್ನು ಡೆಸಿಲೀಟರಿಗೆ 3 ಗ್ರಾಂಗೆ ಏರಿಸಿ ನಿಲ್ಲಿಸಲು ದಿನವೂ ಬಾಟಲಿ ಹಾಕಲಾಯಿತು; ಆ ಗುಂಪಿನ ನಡುಮಟ್ಟದ ರೋಗಿಗೆ 200 ಗ್ರಾಂ ಹೋದರೆ ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ ಅಂಥವರಿಗೆ ಹೋದದ್ದು 20 ಗ್ರಾಂ. ಸೋಂಕು, ಕಿಡ್ನಿ ವೈಫಲ್ಯ, ಸಾವು ಯಾವುದೂ ಕಡಿಮೆಯಾಗಲಿಲ್ಲ. ಶ್ವಾಸಕೋಶಕ್ಕೆ ನೀರು ತುಂಬಿದ ಪ್ರಸಂಗಗಳು ಮಾತ್ರ ಹೆಚ್ಚಾದವು. ಹತ್ತು ಬಾಟಲಿಗೂ ಒಂದು ಬಾಟಲಿಗೂ ರೋಗಿಯ ಪಾಲಿಗೆ ವ್ಯತ್ಯಾಸವಾಗದಿದ್ದಾಗ ಒಂಬತ್ತು ಬಾಟಲಿಗಳ ಹಣ ಯಾವ ಬಡ ಕುಟುಂಬಕ್ಕೂ ಸಣ್ಣ ಮೊತ್ತವಲ್ಲ. ಇದಕ್ಕೆ ಎದುರಾಗಿ, ಮನೆಯಲ್ಲಿದ್ದು ಚಿಕಿತ್ಸೆ ಪಡೆಯುವ ಜಲೋದರ ರೋಗಿಗಳಿಗೆ ವಾರಕ್ಕೆ 40 ಗ್ರಾಂನಂತೆ ದೀರ್ಘಕಾಲ ಕೊಟ್ಟ ಇಟಲಿಯ 2018ರ ಆನ್ಸರ್ ಪ್ರಯೋಗದಲ್ಲಿ ಹದಿನೆಂಟು ತಿಂಗಳ ಕೊನೆಗೆ ಬದುಕಿ ಉಳಿದವರ ಪ್ರಮಾಣ ಶೇ. 66ರಿಂದ ಶೇ. 77ಕ್ಕೆ ಏರಿತ್ತು. ವಾರಕ್ಕೆ ಎರಡು ಬಾಟಲಿಯೆಂದರೆ ವರ್ಷಕ್ಕೆ ನೂರಕ್ಕೂ ಹೆಚ್ಚು ಬಾಟಲಿ. ಚಾರ್ಮಾಡಿಯ ತಪ್ಪಲಿನಿಂದಲೋ ಶಿಶಿಲದಿಂದಲೋ ಪ್ರತಿ ವಾರ ಆಸ್ಪತ್ರೆಗೆ ಬಂದು ಹೋಗುವ ಸವಾರಿ ಬೇರೆ. ಫಲಿತಾಂಶ ಆಶಾದಾಯಕವಾದರೂ ಈ ಕ್ರಮ ಸದ್ಯಕ್ಕೆ ಈ ಭಾಗದ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ.

ತೀವ್ರ ನಿಗಾ ಘಟಕದ ಕಥೆ ಬೇರೆ. ರಕ್ತದೊತ್ತಡ ಕುಸಿದವರಿಗೆ ಸಲೈನ್ ಕೊಡಬೇಕೋ ಆಲ್ಬುಮಿನ್ ಕೊಡಬೇಕೋ ಎಂಬ ಪ್ರಶ್ನೆಯನ್ನು 2004ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸೇಫ್ ಪ್ರಯೋಗ ಸುಮಾರು ಏಳು ಸಾವಿರ ರೋಗಿಗಳಲ್ಲಿ ಪರೀಕ್ಷಿಸಿತು: 28 ದಿನಗಳಲ್ಲಿ ಆಲ್ಬುಮಿನ್ ಗುಂಪಿನಲ್ಲಿ 726, ಸಲೈನ್ ಗುಂಪಿನಲ್ಲಿ 729 ಸಾವುಗಳಾದವು. ತಲೆಗೆ ತೀವ್ರ ಪೆಟ್ಟಾದವರಲ್ಲಿ ಮಾತ್ರ ಆಲ್ಬುಮಿನ್ ಪಡೆದವರ ಸಾವೇ ಹೆಚ್ಚೆಂದು ಮುಂದಿನ ವಿಶ್ಲೇಷಣೆಯಲ್ಲಿ ಕಂಡಿತು. ಬೈಕ್ ಅಪಘಾತದ ಗಾಯಾಳುಗಳು ನಿತ್ಯ ದಾಖಲಾಗುವ ಹೆದ್ದಾರಿ ಬದಿಯ ಊರುಗಳಲ್ಲಿ ಇದು ನೆನಪಿಡತಕ್ಕ ಮಾತು. ನಂಜಿನ ರೋಗಿಗಳಲ್ಲಿ ಮಟ್ಟವನ್ನು ಏರಿಸಿ ನೋಡಿದ ಇಟಲಿಯ ಆಲ್ಬಿಯೋಸ್ ಪ್ರಯೋಗವೂ 2014ರಲ್ಲಿ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಲೀಟರುಗಟ್ಟಲೆ ಸಲೈನ್ ಕೊಟ್ಟ ಮೇಲೂ ರಕ್ತದೊತ್ತಡ ನಿಲ್ಲದ ನಂಜಿನಲ್ಲಿ ಆಲ್ಬುಮಿನ್ ಸೇರಿಸಬಹುದೆಂಬ ಸಲಹೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಇದೆಯಾದರೂ ಅದು ದುರ್ಬಲ ಸಲಹೆಯೆಂದು ಅವೇ ಒಪ್ಪಿಕೊಂಡಿವೆ. ರಕ್ತಪೂರಣ ತಜ್ಞರ ಅಂತಾರಾಷ್ಟ್ರೀಯ ಕೂಟವೊಂದು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸಿರೋಸಿಸ್‌ನ ಕೆಲವು ಸಂದರ್ಭಗಳನ್ನು ಬಿಟ್ಟರೆ ಆಸ್ಪತ್ರೆಯ ಬಹುತೇಕ ರೋಗಿಗಳಿಗೆ ಇದನ್ನು ವಾಡಿಕೆಯಾಗಿ ಕೊಡಬಾರದೆಂಬ ನಿಲುವಿಗೆ ಬಂದಿದೆ.

ಮೂರು ತಾಲೂಕುಗಳ ಆಸ್ಪತ್ರೆಗಳಲ್ಲಿ ಮಳೆಗಾಲ ಹಿಡಿದೊಡನೆ ಹಾಸಿಗೆಗಳನ್ನು ತುಂಬುವುದು ಡೆಂಗಿ ಮತ್ತು ಇಲಿಜ್ವರ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ ಒಂದೆರಡು ದಿನ ರಕ್ತನಾಳಗಳು ಸೋರಿ ಎದೆಗೂಡು ಹೊಟ್ಟೆಗಳಿಗೆ ನೀರಿಳಿಯುತ್ತದೆ, ಆಲ್ಬುಮಿನ್ ಮಟ್ಟ ತಗ್ಗುತ್ತದೆ. ಸೋರಿಕೆ ತಾನಾಗಿ ನಿಲ್ಲುವುದರಿಂದ ಅಲ್ಲಿಯವರೆಗೆ ಅಳತೆ ತಪ್ಪದೆ ಸಲೈನ್ ಕೊಡುವುದೇ ಚಿಕಿತ್ಸೆ, ಸಲೈನಿಗೆ ಬಗ್ಗದ ಆಘಾತಸ್ಥಿತಿಯಲ್ಲಿ ಮಾತ್ರ ಆಲ್ಬುಮಿನ್‌ನಂಥ ದ್ರವಗಳ ಮಾತು ಬರುತ್ತದೆ. ಗದ್ದೆ, ತೋಟಗಳ ಕೆಸರಿನಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರದಲ್ಲಿ ಯಕೃತ್ತು, ಕಿಡ್ನಿ ಎರಡೂ ಕೆಟ್ಟು ಆಲ್ಬುಮಿನ್ ಕೆಳಗಿಳಿದರೂ ಅದಕ್ಕೆ ಮದ್ದು ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ವರ್ಗದ ಅಗ್ಗದ ಔಷಧಗಳು ಮತ್ತು ಬೇಕಾದವರಿಗೆ ಡಯಾಲಿಸಿಸ್. ಇವೆರಡಕ್ಕೂ ಭಿನ್ನವಾಗಿ, ಹಳದಿ ರಂಜಕವಿರುವ ಇಲಿಪಾಷಾಣ ತಿಂದು ಯಕೃತ್ತು ಸುಟ್ಟುಹೋದವರಿಗೂ ಗಿಲನ್ ಬಾರೆ ಎಂಬ ನರದ ಕಾಯಿಲೆಯಿಂದ ಕೈಕಾಲು ಸೋತವರಿಗೂ ಪ್ಲಾಸ್ಮಾ ಬದಲಾವಣೆ ಮಾಡುವುದುಂಟು: ಯಂತ್ರದ ಮೂಲಕ ರೋಗಿಯ ರಕ್ತರಸವನ್ನು ಹೊರತೆಗೆದು ಆ ಜಾಗಕ್ಕೆ ಆಲ್ಬುಮಿನ್ ದ್ರಾವಣವನ್ನೋ ದಾನಿಗಳ ರಕ್ತರಸವನ್ನೋ ತುಂಬುತ್ತಾರೆ. ಒಂದು ಸಲಕ್ಕೆ ಎರಡೂವರೆ ಲೀಟರಿನಷ್ಟು ಶೇ. 5ರ ದ್ರಾವಣ ಬೇಕಾದರೆ ಶೇ. 20ರ ಸುಮಾರು ಆರು ಬಾಟಲಿ ಖರ್ಚಾಗುತ್ತದೆ, ನರದ ಕಾಯಿಲೆಯಲ್ಲಿ ಸಾಮಾನ್ಯವಾಗಿ ಐದು ಸಲ ಮಾಡಬೇಕು. ಶೇ. 20ರ ಬಾಟಲಿಯನ್ನು ತೆಳುಗೊಳಿಸುವಾಗ ಸಲೈನ್ ಬೆರೆಸಬೇಕೇ ಹೊರತು ಬರಿಯ ಶುದ್ಧ ನೀರನ್ನಲ್ಲ. ನೀರು ಬೆರೆಸಿ ಕೊಟ್ಟರೆ ರೋಗಿಯ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೇ ಎರವಾದೀತು.

ಆಲ್ಬುಮಿನ್ ಬಾಟಲಿಯನ್ನು ಶಕ್ತಿಯ ಬಾಟಲಿ, ಪ್ರೋಟೀನಿನ ಬಾಟಲಿ ಎಂದು ತಿಳಿದು, ಬಸವಳಿದ ರೋಗಿಗೆ ಅದನ್ನೊಂದು ಹಾಕಿಸಿದರೆ ಚೇತರಿಕೆ ಬಂದೀತೆಂದು ಮನೆಮಂದಿ ಆಸೆಪಡುವುದುಂಟು. ಪ್ರೀತಿಯಿಂದ ಹುಟ್ಟಿದ ಈ ಆಸೆಗೆ ಆಧಾರವಿಲ್ಲ. ಬಾಟಲಿಯ 20 ಗ್ರಾಂ ಪ್ರೋಟೀನು ಮೂರು ಮೊಟ್ಟೆಗಳಲ್ಲಿ ಅಥವಾ ನೂರು ಗ್ರಾಂ ಬಂಗುಡೆ ಮೀನಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಸ್ಯಾಹಾರಿಗಳಿಗೆ ಹುರುಳಿ, ಹೆಸರು, ಕಡಲೆ ಇವೆ. ಮೇಲಾಗಿ ಹರಿಸಿದ ಆಲ್ಬುಮಿನ್ ಮೈಯಲ್ಲಿ ಜೀರ್ಣವಾಗಿ ಅಮೈನೋ ಆಮ್ಲಗಳಾಗಲು ವಾರಗಳೇ ಬೇಕು, ಮತ್ತು ಟ್ರಿಪ್ಟೋಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲ ಅದರ ಇಡೀ ಸರಪಳಿಯಲ್ಲಿ ಇರುವುದು ಒಂದೇ ಒಂದು. ಅಪೌಷ್ಟಿಕತೆಗೆ ಬಾಯಿಯ ಮೂಲಕ, ಆಗದಿದ್ದರೆ ಮೂಗಿನ ನಳಿಗೆಯ ಮೂಲಕ ಆಹಾರವೇ ಮದ್ದು.

ಆಲ್ಬುಮಿನ್ ನಿರಪಾಯಕಾರಿಯೂ ಅಲ್ಲ. ಶೇ. 20ರ ದ್ರಾವಣ ತನ್ನ ಗಾತ್ರಕ್ಕಿಂತ ಕೆಲವು ಪಟ್ಟು ಹೆಚ್ಚು ನೀರನ್ನು ಅಂಗಾಂಶಗಳಿಂದ ರಕ್ತನಾಳದೊಳಗೆ ಎಳೆಯುತ್ತದೆ. ಹೃದಯ ದುರ್ಬಲವಾಗಿರುವವರಿಗೆ, ವಯಸ್ಸಾದವರಿಗೆ, ಮೂತ್ರ ನಿಂತವರಿಗೆ ಬೇಗಬೇಗ ಹರಿಸಿದರೆ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟಬಹುದು. ಚಳಿ, ಜ್ವರ, ತುರಿಕೆ ಅಪರೂಪಕ್ಕೆ ಬರುತ್ತವೆ.

ಬೆಲೆ ತಯಾರಕರಿಂದ ತಯಾರಕರಿಗೆ, ಮುದ್ರಿತ ಗರಿಷ್ಠ ಬೆಲೆಯಿಂದ ಆಸ್ಪತ್ರೆಯ ಸಗಟು ಖರೀದಿಗೆ ಬದಲಾಗುತ್ತದೆ. ಲೆಕ್ಕದ ಅನುಕೂಲಕ್ಕೆ 20 ಗ್ರಾಂ ಬಾಟಲಿಗೆ 5,000 ರೂಪಾಯಿ ಎಂದು ಹಿಡಿದರೆ, ಎಂಟು ಲೀಟರ್ ಜಲೋದರ ತೆಗೆಸಿಕೊಂಡವರ ಆಲ್ಬುಮಿನ್ ಖರ್ಚು 15,000, ಜಲೋದರದ ಸೋಂಕಿನದು 40,000, ಐದು ಸಲದ ಪ್ಲಾಸ್ಮಾ ಬದಲಾವಣೆಯದು ಒಂದೂವರೆ ಲಕ್ಷ, ವರ್ಷಪೂರ್ತಿ ವಾರಕ್ಕೆ 40 ಗ್ರಾಂ ಪಡೆಯುವವರದು ಐದು ಲಕ್ಷಕ್ಕೂ ಮೇಲೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬವೊಂದಕ್ಕೆ ವರ್ಷಕ್ಕೆ ಕೊಡುವ ಒಟ್ಟು ರಕ್ಷಣೆ ಐದು ಲಕ್ಷ ರೂಪಾಯಿ. ಒಬ್ಬರ ಒಂದು ಮದ್ದೇ ಅಷ್ಟನ್ನೂ ನುಂಗಿಬಿಡಬಲ್ಲದು. ಬೀಡಿ ಕಟ್ಟಿ, ತೋಟದ ಕೂಲಿಗೆ ಹೋಗಿ, ಗೇರುಬೀಜ ಕಾರ್ಖಾನೆಯಲ್ಲಿ ದುಡಿದು ಬದುಕುವ ಮನೆಗಳಿಗೆ ಮೂರು ಬಾಟಲಿಯ ಹಣವೆಂದರೆ ತಿಂಗಳ ದುಡಿಮೆಯೇ ಹೋದಂತೆ. ಸಿರೋಸಿಸ್‌ನ ರೋಗಿ ಬಹುಪಾಲು ಮನೆಯ ದುಡಿಯುವ ವಯಸ್ಸಿನ ಗಂಡಸೇ ಆಗಿರುವುದರಿಂದ ಆದಾಯ ನಿಂತ ಹೊತ್ತಿನಲ್ಲೇ ಈ ಖರ್ಚು ಎದುರಾಗುತ್ತದೆ.

ಚಿಕಿತ್ಸೆಯ ದಾರಿಗಳು ಈ ಭಾಗದಲ್ಲಿ ತಕ್ಕಮಟ್ಟಿಗೆ ಇವೆ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಸರಕಾರಿ ತಾಲೂಕು ಆಸ್ಪತ್ರೆಗಳೂ ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವೂ ಇದ್ದು, ಉಜಿರೆಯ ಎಸ್‌ಡಿಎಂ ಆಸ್ಪತ್ರೆ, ಮೂಡುಬಿದಿರೆಯ ಆಳ್ವಾಸ್ ಹೆಲ್ತ್ ಸೆಂಟರ್ ಮೊದಲಾದ ಖಾಸಗಿ ಸಂಸ್ಥೆಗಳೂ ಇವೆ. ಬಿಗಡಾಯಿಸಿದ ರೋಗಿಗಳು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೋ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆಗೋ ನಗರದ ಸುತ್ತಲಿನ ವೈದ್ಯಕೀಯ ಕಾಲೇಜುಗಳಿಗೋ ಹೋಗುತ್ತಾರೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಹುಟ್ಟಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2004ರಿಂದ ತನ್ನ ಸದಸ್ಯ ಕುಟುಂಬಗಳಿಗಾಗಿ ಸಂಪೂರ್ಣ ಸುರಕ್ಷಾ ಎಂಬ ಆರೋಗ್ಯವಿಮೆಯನ್ನು ನಡೆಸಿಕೊಂಡು ಬಂದದ್ದು ಈ ಪ್ರದೇಶದ ವೈಶಿಷ್ಟ್ಯ. ಸರಕಾರಿ ಯೋಜನೆಯಲ್ಲಿ ಒಂದೊಂದು ಚಿಕಿತ್ಸೆಗೂ ಇಡಿಯಾಗಿ ಒಂದು ಪ್ಯಾಕೇಜ್ ಮೊತ್ತ ಗೊತ್ತುಪಡಿಸಿ ಔಷಧದ ಖರ್ಚನ್ನೂ ಅದರೊಳಗೇ ಸೇರಿಸಿರುವುದರಿಂದ, ಎಂಟು ಬಾಟಲಿ ಬೇಡುವ ರೋಗಿಯಲ್ಲಿ ಆ ಮೊತ್ತ ಸಾಲದೆ ಬರುವುದು ಸಹಜ; ಜಲೋದರದ ಸೋಂಕಿನಂಥ ಖಚಿತ ಕಾರಣಗಳಿಗೆ ಆಲ್ಬುಮಿನ್ ಖರ್ಚನ್ನು ಪ್ಯಾಕೇಜಿನಿಂದ ಹೊರಗಿಟ್ಟು ಬೇರೆಯಾಗಿ ಭರಿಸುವುದು, ಖಚಿತವಲ್ಲದ ಕಾರಣಗಳಿಗೆ ಭರಿಸದಿರುವುದು ನ್ಯಾಯವಾದ ದಾರಿ.

ಬಾಟಲಿಯ ಅಗತ್ಯವನ್ನೇ ಕಡಿಮೆ ಮಾಡುವ ಕ್ರಮಗಳು ಅಗ್ಗ, ಆದರೆ ಕಡೆಗಣಿತ. ಜಲೋದರದ ರೋಗಿ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಮಚೆಯಷ್ಟು ಉಪ್ಪನ್ನು ಮೀರದಿದ್ದರೆ ನೀರು ಮತ್ತೆ ತುಂಬುವುದು ನಿಧಾನವಾಗುತ್ತದೆ. ಕುಚ್ಚಲಕ್ಕಿ ಗಂಜಿಯ ಬದಿಗೆ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಮಳೆಗಾಲದಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಇವೆಲ್ಲ ಊಟದ ಭಾಗವೇ ಆಗಿರುವ ತುಳುನಾಡಿನಲ್ಲಿ ಉಪ್ಪು ಬಿಡಿ ಎಂದಷ್ಟೇ ಹೇಳಿದರೆ ಸಾಲದು, ಇವುಗಳನ್ನು ಹೆಸರು ಹಿಡಿದು ಹೇಳಬೇಕು. ಪ್ರೋಟೀನು ಬಿಡಬೇಕೆಂಬ ಹಳೆಯ ಪಥ್ಯ ಈಗಿಲ್ಲ. ದೇಹತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು, ಮಲಗುವ ಮುನ್ನ ಒಂದಿಷ್ಟು ಆಹಾರ ಎಂಬುದೇ ಇಂದಿನ ಸಲಹೆ. ಮದ್ಯವನ್ನು ಪೂರ್ತಿ ಬಿಟ್ಟವರಲ್ಲಿ ಜಲೋದರ ಹತೋಟಿಗೆ ಬಂದು ಆಲ್ಬುಮಿನ್ ಮಟ್ಟ ತಾನಾಗಿ ಏರುವುದುಂಟು. ಹೆಪಟೈಟಿಸ್ ಬಿ, ಸಿ ರೋಗಗಳಿಗೆ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ತಪಾಸಣೆಯೂ ಔಷಧವೂ ಉಚಿತ.

ಇನ್ನು ಬಾಟಲಿಯ ಮೂಲವಾದ ರಕ್ತದ ಮಾತು. ಭಾರತದಲ್ಲಿ ಹಣ ಪಡೆದು ರಕ್ತ ಕೊಡುವುದು ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿ 1ರಿಂದ ನಿಷಿದ್ಧ. ಅಮೆರಿಕದಲ್ಲಿ ದಾನಿಗಳಿಗೆ ಹಣ ಕೊಟ್ಟು ರಕ್ತರಸ ಸಂಗ್ರಹಿಸುವುದರಿಂದ ಜಗತ್ತಿನ ಆಲ್ಬುಮಿನ್‌ನ ದೊಡ್ಡ ಪಾಲು ಅಲ್ಲಿಂದ ಹೊರಡುತ್ತದೆ, ಭಾರತಕ್ಕೂ ಗಣನೀಯ ಪ್ರಮಾಣದಲ್ಲಿ ಆಮದಾಗುತ್ತದೆ. ಇಲ್ಲಿನ ರಕ್ತನಿಧಿಗಳಲ್ಲಿ ಕೆಂಪು ಕಣಗಳನ್ನು ಬೇರ್ಪಡಿಸಿದ ಮೇಲೆ ಮಿಕ್ಕುವ ರಕ್ತರಸವನ್ನು ತಯಾರಿಕಾ ಘಟಕಗಳಿಗೆ ಕೊಡಲು 2015ರಲ್ಲಿ ಕೇಂದ್ರ ಸರಕಾರ ಲೀಟರಿಗೆ 1,600 ರೂಪಾಯಿಯ ವಿನಿಮಯ ಮೌಲ್ಯವನ್ನು ನಿಗದಿಪಡಿಸಿತು. ದಾನಿಗಳ ರಕ್ತದ ಬದಲು ಬತ್ತದ ಕಾಳಿನಲ್ಲೇ ಮನುಷ್ಯರ ಆಲ್ಬುಮಿನ್ ಬೆಳೆಯಬಹುದೆಂದು ಚೀನಾದ ವುಹಾನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ಆ ಬೆಳೆ ಅಗ್ಗದ ಬಾಟಲಿಯಾಗಿ ಹಳ್ಳಿಯ ಆಸ್ಪತ್ರೆಗೆ ತಲುಪುವವರೆಗೆ ದಾನಿಗಳ ರಕ್ತವೇ ಇಲ್ಲಿನ ಬಾಟಲಿಗಳ ಮೂಲ.

ಇಷ್ಟು ದುಬಾರಿಯಾದ, ಎಲ್ಲ ಕಾರಣಗಳಿಗೂ ಆಧಾರವಿಲ್ಲದ ಮದ್ದಾದ್ದರಿಂದ, ಆಲ್ಬುಮಿನ್ ತರಲು ಚೀಟಿ ಕೈಗೆ ಬಂದಾಗ ಯಾವ ಕಾರಣಕ್ಕೆ, ಒಟ್ಟು ಎಷ್ಟು ಗ್ರಾಂ, ಎಷ್ಟು ದಿನ ಎಂದು ವೈದ್ಯರನ್ನು ಕೇಳುವುದಕ್ಕೆ ರೋಗಿಯ ಕಡೆಯವರು ಹಿಂಜರಿಯಬೇಕಾಗಿಲ್ಲ, ಮತ್ತು ಉತ್ತರ ಜಲೋದರದ ಸೋಂಕೆಂದು ಬಂದರೆ ತಡಮಾಡಬಾರದು. ಆ ಬಾಟಲಿ ಸಿಗಬೇಕಾದರೆ ರಕ್ತ ಕೊಡುವವರೂ ಬೇಕು: ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು.